ನಕ್ಷೆಗೆ ಮೊದಲು ಮಳೆ ನೋಡು

ಕುಮಟಾ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಮನೆಯ ನಕ್ಷೆ ನೋಡಿದೆ. ಚೆಂದವಾಗಿದೆ. ಆದರೆ ಪಡುವಣಕ್ಕೆ ಅಷ್ಟು ದೊಡ್ಡ ಗಾಜು ಯಾಕೆ? ಜೂನ್‌ನಲ್ಲಿ ಇಲ್ಲಿ ಮಳೆ ಕಡಲ ಕಡೆಯಿಂದ ಅಡ್ಡಡ್ಡ ಹೊಡೆಯುತ್ತದೆ. ನಿನಗೆ ಗೊತ್ತಿಲ್ಲದ್ದೇನಲ್ಲ. ಬೆಂಗಳೂರಿನಲ್ಲಿ ಕೂತು ಗೆರೆ ಎಳೆಯುವಾಗ ಮರೆತಿದ್ದೀಯ ಅಷ್ಟೆ.

ವಾಸ್ತುಶಿಲ್ಪಿ ಲಾರಿ ಬೇಕರ್ ಬಗ್ಗೆ ಕಾಲೇಜಿನಲ್ಲಿ ಓದಿದ್ದೀಯಲ್ವಾ? 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಕೊನೆಗೆ ತಿರುವನಂತಪುರದವರೇ ಆಗಿಹೋದರು. ಮನೆಗೆ ಬೇಕಾದ ಸಾಮಾನು ಐದು ಮೈಲಿಯೊಳಗೆ ಸಿಗುವಂಥದ್ದಾಗಿರಬೇಕು ಎಂಬ ಗಾಂಧೀಜಿಯ ಮಾತನ್ನು ಬದುಕಿರುವವರೆಗೂ ಬಿಡಲಿಲ್ಲ. ಅದೇ ಊರಿನ ತಂಪನೂರಿನಲ್ಲಿ ಅವರು ಕಟ್ಟಿದ ಇಂಡಿಯನ್ ಕಾಫಿ ಹೌಸ್‌ನಲ್ಲಿ ಒಮ್ಮೆ ಕೂತಿದ್ದೆ. ಶಂಖದ ಹಾಗೆ ಸುತ್ತುತ್ತ ಮೇಲೇರುವ ಇಟ್ಟಿಗೆ ಕಟ್ಟಡ. ಗೋಡೆಯ ತೂತುಗಳಿಂದಲೇ ಗಾಳಿ, ಬೆಳಕು. ಕಾಫಿ ಆರಿದರೂ ಏಳಲು ಮನಸ್ಸಾಗಲಿಲ್ಲ.

ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಗೋಡೆ ಏರಿಸುತ್ತಿದ್ದರು. ನಾಲ್ಕರಲ್ಲಿ ಒಂದು ಪಾಲು ಇಟ್ಟಿಗೆ ಉಳಿಯುತ್ತದೆ, ಕಾವೂ ಕಡಿಮೆ. ಛಾವಣಿ ಸ್ಲ್ಯಾಬಿನ ಅಡಿಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ, ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಅಲ್ಲಿ ಹಳೇ ಹಂಚು ಇಟ್ಟರು. ಮರ ಅಡ್ಡ ಬಂದರೆ ಗೋಡೆಯನ್ನೇ ಬಾಗಿಸಿದರು.

ಹಾಗಂತ ಆ ತೂತಿನ ಗೋಡೆಯನ್ನು ಸುಮ್ನೆ ತಂದು ನಮ್ಮ ಪಡುವಣಕ್ಕೆ ನಿಲ್ಲಿಸಬೇಡ, ಹಾಸಿಗೆಯೆಲ್ಲ ಒದ್ದೆಯಾದೀತು. ಮೂಡಣಕ್ಕೆ ಇಡು. ಐದು ಮೈಲಿಯೊಳಗೆ ನಮಗೆ ಸಿಗುವುದು ಕೆಂಪು ಚಿರೆಕಲ್ಲು. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು. ಮಾಡಿನ ಸೂರನ್ನು ಚೆನ್ನಾಗಿ ಮುಂದೆ ಚಾಚು. ಆಗ ಆ ಕೆಂಪನ್ನು ಪ್ಲಾಸ್ಟರ್ ಬಳಿದು ಮುಚ್ಚುವ ಅಗತ್ಯವೇ ಬರುವುದಿಲ್ಲ.

ಎಲ್ಲರೂ ಹಾಕಿಸುತ್ತಾರೆ ಅಂತ ನಾನೂ ಹಂಚು ಇಳಿಸಿ ಚಪ್ಪಟೆ ತಾರಸಿ ಹಾಕಿಸಿದ್ದೆ. ಮೂರನೇ ಮಳೆಗಾಲಕ್ಕೇ ಸೋರಿತು. ಈಗ ಅದರ ಮೇಲೆ ತಗಡಿನ ಶೀಟು. ಏಪ್ರಿಲ್ ರಾತ್ರಿ ನಿನ್ನ ಅತ್ತೆ ಜಗುಲಿಯಲ್ಲೇ ಚಾಪೆ ಹಾಸುತ್ತಾಳೆ. ಅದನ್ನು ನೋಡಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಿನ್ನ ಕೈಯಿಂದ ಯಾರಿಗೂ ಅಂಥ ಮನೆ ಆಗಬಾರದು.

ಆಷಾಢದಲ್ಲಿ ನಾಲ್ಕು ದಿನ ಬಂದಿರು. ಕೊಡೆ ಹಿಡಿದು ಇಬ್ಬರೂ ಜಾಗದಲ್ಲಿ ನಿಲ್ಲೋಣ. ನೀರು ಎಲ್ಲಿಂದ ಇಳಿಯುತ್ತದೆ, ಹಲಸಿನ ಮರದ ಬುಡದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ ಆಮೇಲೆ ಗೆರೆ ಎಳೆ. ಆಗ ಇಳಿಸಿದ ಮಂಗಳೂರು ಹಂಚು ಕೊಟ್ಟಿಗೆಯಲ್ಲಿ ಪೇರಿಸಿಟ್ಟಿದೆ. ಸ್ಲ್ಯಾಬಿನೊಳಗೆ ಇಡಲು ಬಂದೀತು. ಒಡೆದದ್ದು ತೆಗೆದು ಎಷ್ಟಿದೆ ಅಂತ ಎಣಿಸಿ ಫೋನ್ ಮಾಡುತ್ತೇನೆ.

ನಿನ್ನ ಮಾವ