ಇನ್ಮೇಲೆ ಡಿಸ್ಕ್ ಹಿಗ್ಗಿಸೋಕೆ ನಿಮ್ಮ ವಿಎಂ ಆಫ್ ಮಾಡಲ್ಲ, ಆದ್ರೆ ಒಳಗಿನ ಅರ್ಧ ಕೆಲಸ ನಿಮ್ದು

ಎಲ್ರಿಗೂ ನಮಸ್ಕಾರ,

ನಮ್ಮ ಹತ್ರ ವರ್ಚುವಲ್ ಮಷೀನ್ (ವಿಎಂ, ಅಂದ್ರೆ ನಮ್ಮ ಸರ್ವರ್ ಒಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಕಂಪ್ಯೂಟರ್) ತಗೊಂಡಿರೋ ಎಲ್ಲಾ ಗ್ರಾಹಕರಿಗೂ ಈ ಪತ್ರ. ಇಲ್ಲಿವರೆಗೂ ಡಿಸ್ಕ್ ಸಾಲ್ತಿಲ್ಲ ಅಂದ್ರೆ ಏನೇನಾಗ್ತಿತ್ತು ಅಂತ ನಿಮಗೇ ಗೊತ್ತು, ನೀವು ಟಿಕೆಟ್ ಹಾಕ್ಬೇಕು, ನಾವೊಂದು ಟೈಮ್ ಹೇಳ್ಬೇಕು, ಅದು ರಾತ್ರಿ ಹೊತ್ತೇ ಇರ್ತಿತ್ತು, ಮಷೀನ್ ಶಟ್‌ಡೌನ್ ಮಾಡಿ ಡಿಸ್ಕ್ ದೊಡ್ಡದು ಮಾಡಿ ವಾಪಸ್ ಆನ್ ಮಾಡಿ, ಆಮೇಲೆ ಒಳಗಿರೋ ಸರ್ವಿಸ್ ಎಲ್ಲಾ ಎದ್ವಾ ಇಲ್ವಾ ಅಂತ ನೀವು ನಿದ್ದೆಗೆಟ್ಟು ನೋಡ್ಕೋಬೇಕಿತ್ತು. ಮುಂದಿನ ತಿಂಗಳು ಒಂದನೇ ತಾರೀಖಿಂದ ಇದು ಬದಲಾಗ್ತಿದೆ. ಮಷೀನ್ ಓಡ್ತಿರೋವಾಗಲೇ ಕಂಟ್ರೋಲ್ ಪ್ಯಾನೆಲ್‌ನಲ್ಲಿ ನೀವೇ ಡಿಸ್ಕ್ ಹಿಗ್ಗಿಸ್ಕೋಬಹುದು, ಅಥವಾ ಹೊಸದೊಂದು ಡಿಸ್ಕ್ ಸೇರಿಸ್ಕೋಬಹುದು, ರೀಬೂಟ್ ಬೇಡ, ಟಿಕೆಟ್ಟೂ ಬೇಡ.

ಇದರ ಜೊತೆಗೇ ಇನ್ನೊಂದು ಬದಲಾವಣೆ ಇದೆ, ಅದನ್ನ ಮೊದಲೇ ಹೇಳಿಬಿಡ್ತೀವಿ. ಡಿಸ್ಕ್ ಕೆಲಸಕ್ಕೆ ಅಂತ ನಾವು ಇನ್ಮೇಲೆ ನಿಮ್ಮ ಮಷೀನ್ ಒಳಗೆ ಲಾಗಿನ್ ಆಗಲ್ಲ. ಮೊದ್ಲು ಕೆಲವರು ರೂಟ್ ಪಾಸ್‌ವರ್ಡ್‌ನೇ (ಮಷೀನ್ ಮೇಲೆ ಪೂರ್ತಿ ಅಧಿಕಾರ ಕೊಡೋ ಪಾಸ್‌ವರ್ಡ್) ಟಿಕೆಟ್‌ನಲ್ಲಿ ಬರೆದು "ನೀವೇ ಮಾಡಿಬಿಡಿ" ಅಂತಿದ್ರು. ಒಳಗೆ ಎಲ್‌ವಿಎಂ (ಡಿಸ್ಕ್ ಜಾಗನ ಬೇಕಾದ ಹಾಗೆ ಹಂಚೋ ಲಿನಕ್ಸ್ ವ್ಯವಸ್ಥೆ) ಇದ್ಯಾ, ಎನ್‌ಕ್ರಿಪ್ಟ್ ಮಾಡಿದೀರಾ, ಯಾವ ಡೇಟಾಬೇಸ್ ಎಲ್ಲಿ ಕೂತಿದೆ ಅನ್ನೋದು ನಿಮಗೆ ಗೊತ್ತಿರತ್ತೆ, ನಮಗೆ ಗೊತ್ತಿರಲ್ಲ, ಗೊತ್ತಿಲ್ಲದೆ ಪಾರ್ಟಿಷನ್ ಟೇಬಲ್‌ಗೆ (ಡಿಸ್ಕ್‌ನ ಯಾವ ಭಾಗ ಎಲ್ಲಿಂದ ಎಲ್ಲಿವರೆಗೆ ಅನ್ನೋ ಪಟ್ಟಿ) ಕೈ ಹಾಕೋದು ಇಬ್ಬರಿಗೂ ಒಳ್ಳೇದಲ್ಲ.

ಹಾಗಾಗಿ ಯಾವ ಕೆಲಸ ಎಲ್ಲಿ ಆಗತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀವಿ. ಮಷೀನ್‌ಗಳು ಓಡೋದು ಕೆವಿಎಂ ಮೇಲೆ, ಡಿಸ್ಕ್ ತೋರಿಸೋದು ಕ್ಯೂಎಂಯು, ಎರಡೂ ನಮ್ಮ ಕಡೆ ಓಡೋ ವರ್ಚುವಲ್ ಮಷೀನ್ ಸಾಫ್ಟ್‌ವೇರ್. ನೀವು ಬಟನ್ ಒತ್ತಿದ ತಕ್ಷಣ ಓಡ್ತಿರೋ ಕ್ಯೂಎಂಯುಗೆ "ಈ ಡಿಸ್ಕ್ ಇನ್ಮೇಲೆ ಇಷ್ಟು ದೊಡ್ಡದು" ಅಂತ ಆರ್ಡರ್ ಹೋಗತ್ತೆ, ಅದು ವರ್ಟಿಯೋ (ವರ್ಚುವಲ್ ಡಿಸ್ಕ್‌ಗೆ ಅಂತಲೇ ಇರೋ) ಡ್ರೈವರ್ ಮೂಲಕ ನಿಮ್ಮ ಕರ್ನಲ್‌ಗೆ, ಅಂದ್ರೆ ಓಎಸ್‌ನ ತಿರುಳಿಗೆ, ಸುದ್ದಿ ಮುಟ್ಟಿಸತ್ತೆ. ಡಿಮೆಸೇಜ್ ಲಾಗ್ (ಕರ್ನಲ್ ಬರೆದಿಡೋ ಸುದ್ದಿ) ತೆಗೆದು ನೋಡಿದ್ರೆ ಕೊನೇಲಿ ವಿಡಿಎ ನ್ಯೂ ಸೈಜ್ ಅಂತ ಒಂದು ಸಾಲು ಬಂದಿರತ್ತೆ, ವಿಡಿಎ ಅನ್ನೋದು ನಿಮ್ಮ ಮೊದಲ ಡಿಸ್ಕ್ ಹೆಸರು, 20 ಜಿಐಬಿಯಿಂದ 40ಕ್ಕೆ ಏರಿಸಿದ್ರೆ ಅದರಲ್ಲಿ 83886080 ಬ್ಲಾಕ್, 42.9 ಜಿಬಿ, 40.0 ಜಿಐಬಿ ಅಂತ ಇರತ್ತೆ. ಒಂದೊಂದು ಬ್ಲಾಕ್ 512 ಬೈಟ್. ಎರಡು ಲೆಕ್ಕ ಯಾಕೆ ಅಂದ್ರೆ ಜಿಬಿ ಅನ್ನೋದು ಸಾವಿರದ ಲೆಕ್ಕ, ಜಿಐಬಿ ಅನ್ನೋದು 1024ರ ಲೆಕ್ಕ. ನಮ್ಮ ಪ್ಯಾನೆಲ್ ತೋರಿಸೋದೂ ಬಿಲ್ ಹಾಕೋದೂ 1024ರ ಲೆಕ್ಕದಲ್ಲೇ, ಹಾಗಾಗಿ ಜಾಗ ಕಮ್ಮಿ ಕೊಟ್ರಾ ಅನ್ನೋ ಅನುಮಾನ ಬೇಡ.

ನಮ್ಮ ಕೆಲಸ ಅಲ್ಲಿಗೆ ಮುಗೀತು. ಆದ್ರೆ ಡಿಎಫ್ (ಎಷ್ಟು ಜಾಗ ತುಂಬಿದೆ ಅಂತ ತೋರಿಸೋ ಕಮಾಂಡ್) ಹೊಡೆದು ನೋಡಿದ್ರೆ ಅದೇ ಹಳೇ 20, ಅದೇ 97 ಪರ್ಸೆಂಟ್! ಇಲ್ಲೇ ಜನ ಗಾಬರಿ ಆಗೋದು. ಜಮೀನು ಜಾಸ್ತಿ ಆಗಿದೆ, ಬೇಲಿ ಮಾತ್ರ ಹಳೇ ಜಾಗದಲ್ಲೇ ಇದೆ, ಅಷ್ಟೇ ವಿಷಯ. ಡಿಸ್ಕ್ ಒಳಗೆ ಪಾರ್ಟಿಷನ್ ಇದೆ, ಪಾರ್ಟಿಷನ್ ಒಳಗೆ ಫೈಲ್‌ಗಳನ್ನ ಜೋಡಿಸಿಡೋ ಫೈಲ್ ಸಿಸ್ಟಮ್ ಇದೆ, ಎರಡಕ್ಕೂ ಒಂದೊಂದಾಗಿ ಹೇಳ್ಬೇಕು. ದಯವಿಟ್ಟು ಆಗ "ಆಗಿಲ್ಲ ಅನ್ಸತ್ತೆ" ಅಂತ ಪ್ಯಾನೆಲ್‌ಗೆ ವಾಪಸ್ ಬಂದು ಇನ್ನೊಂದ್ಸಲ ಬಟನ್ ಒತ್ತಬೇಡಿ, ಒತ್ತಿದ್ರೆ ಡಿಸ್ಕ್ ಇನ್ನೂ ಒಂದ್ಸಲ ದೊಡ್ಡದಾಗತ್ತೆ, ಡಿಎಫ್ ಮಾತ್ರ ಆಗಲೂ 20 ಅಂತಾನೇ ಹೇಳತ್ತೆ, ಮತ್ತೆ ಆ ಡಿಸ್ಕ್‌ನ ಚಿಕ್ಕದು ಮಾಡೋಕೆ ದಾರಿ ಇಲ್ಲ. ಮೊದ್ಲು ಎಲ್‌ಎಸ್‌ಬಿಎಲ್‌ಕೆ (ಡಿಸ್ಕ್, ಪಾರ್ಟಿಷನ್‌ಗಳ ಪಟ್ಟಿ ತೋರಿಸೋ ಕಮಾಂಡ್) ನೋಡಿ. ಅದರಲ್ಲಿ ವಿಡಿಎ 40 ಜಿ ಅಂತಿದ್ದು ಅದರ ಕೆಳಗೆ ವಿಡಿಎ1 ಇನ್ನೂ 20 ಜಿ ಅಂತಿದ್ರೆ ನಮ್ಮ ಕಡೆಯಿಂದ ಬರಬೇಕಾದ್ದು ಬಂದಿದೆ ಅಂತ ಅರ್ಥ.

ಆಮೇಲಿಂದು ಸಾಮಾನ್ಯ ಲಿನಕ್ಸ್ ಮಷೀನ್‌ನಲ್ಲಿ ಎರಡೇ ಕಮಾಂಡ್. ಗ್ರೋಪಾರ್ಟ್ ಪಾರ್ಟಿಷನ್ ಹಿಗ್ಗಿಸತ್ತೆ, ಫೈಲ್ ಸಿಸ್ಟಮ್ ಎಕ್ಸ್‌ಟಿ4 ಆಗಿದ್ರೆ ರೀಸೈಜ್‌2ಎಫ್‌ಎಸ್, ಎಕ್ಸ್‌ಎಫ್‌ಎಸ್ ಆಗಿದ್ರೆ ಎಕ್ಸ್‌ಎಫ್‌ಎಸ್ ಅಂಡರ್‌ಸ್ಕೋರ್ ಗ್ರೋಎಫ್‌ಎಸ್. ಎರಡೂ ಫೈಲ್ ಸಿಸ್ಟಮ್ ಮೌಂಟ್ ಆಗಿರೋವಾಗಲೇ (ಅಂದ್ರೆ ಒಂದು ಫೋಲ್ಡರ್‌ಗೆ ಜೋಡಿಸಿ ಬಳಸ್ತಿರೋವಾಗಲೇ), ಸೈಟ್ ಓಡ್ತಿರೋವಾಗಲೇ ಕೆಲಸ ಮಾಡತ್ವೆ. ನಿಮ್ಮ ಡಿಸ್ಕ್ ಹೆಸರು ಹಾಕಿ ಕಾಪಿ ಮಾಡ್ಕೊಳ್ಳೋ ಹಾಗೆ ಪ್ಯಾನೆಲ್‌ನಲ್ಲೇ ಕಮಾಂಡ್ ಬರತ್ತೆ, ಆದ್ರೂ ಕೈಯಲ್ಲೇ ಟೈಪ್ ಮಾಡೋರಿಗೆ ಎರಡು ಮಾತು. ಗ್ರೋಪಾರ್ಟ್‌ಗೆ ಡಿಸ್ಕ್ ಹೆಸರು ಬೇರೆ, ಪಾರ್ಟಿಷನ್ ನಂಬರ್ ಬೇರೆ, ವಿಡಿಎ ಅಂತ ಬರೆದು ಸ್ಪೇಸ್ ಬಿಟ್ಟು 1 ಹಾಕ್ಬೇಕು, ಸೇರಿಸಿ ವಿಡಿಎ1 ಅಂತ ಬರೆದ್ರೆ ಅದು ಒಪ್ಪಲ್ಲ. ರೀಸೈಜ್‌2ಎಫ್‌ಎಸ್‌ಗೆ ಉಲ್ಟಾ, ಅಲ್ಲಿ ಸೇರಿಸೇ ಬರೀಬೇಕು. ಎಕ್ಸ್‌ಎಫ್‌ಎಸ್‌ದಾದ್ರೆ ಡಿಸ್ಕ್ ಹೆಸರಿನ ಬದಲು ಮೌಂಟ್ ಆಗಿರೋ ಜಾಗ ಕೊಡಿ. ಎಲ್‌ವಿಎಂ ಇರೋರು ಪಾರ್ಟಿಷನ್ ಆದ್ಮೇಲೆ ಪಿವಿರೀಸೈಜ್, ಆಮೇಲೆ ಎಲ್‌ವಿಎಕ್ಸ್‌ಟೆಂಡ್, ಅದಕ್ಕೆ ಆರ್ ಆಪ್ಷನ್ ಕೊಟ್ರೆ ಫೈಲ್ ಸಿಸ್ಟಮ್ಮನ್ನೂ ಅದೇ ನೋಡ್ಕೊಳ್ಳತ್ತೆ. ಕರ್ನಲ್ 3.6ಕ್ಕಿಂತ ಹಳೇದು ಇನ್ನೂ ಓಡಿಸ್ತಿರೋರಿಗೆ (ಇದೀರಾ, ನಮಗೆ ಗೊತ್ತು) ಉಪಯೋಗದಲ್ಲಿರೋ ಪಾರ್ಟಿಷನ್ ಹಿಗ್ಗಿದ್ದು ರೀಬೂಟ್ ಮಾಡದೆ ಕಾಣಲ್ಲ.

ಈಗ ನಿಜವಾಗ್ಲೂ ತಲೆ ತಿನ್ನೋ ವಿಷಯಕ್ಕೆ ಬರ್ತೀವಿ. ಡಿಸ್ಕ್ ಪೂರ್ತಿ 100 ಪರ್ಸೆಂಟ್ ತುಂಬೋವರೆಗೂ ಕಾದು ಆಮೇಲೆ ಹಿಗ್ಗಿಸೋಕೆ ಹೋದ್ರೆ ಗ್ರೋಪಾರ್ಟ್ "ಜಾಗ ಇಲ್ಲ" ಅಂತ ಎರರ್ ಕೊಟ್ಟು ನಿಲ್ಲಬಹುದು, ಯಾಕಂದ್ರೆ ಅದು ಕೆಲಸ ಶುರು ಮಾಡೋಕೆ ಟೆಂಪ್ ಫೋಲ್ಡರ್‌ನಲ್ಲಿ ಒಂದು ಡೈರೆಕ್ಟರಿ ಮಾಡ್ಕೊಳ್ಳತ್ತೆ, ಅದಕ್ಕೂ ಜಾಗ ಇಲ್ಲ. ಜಾಗ ಮಾಡೋ ಟೂಲ್‌ಗೇ ಜಾಗ ಇಲ್ಲ ಅಂದ್ರೆ ಏನ್ ಹೇಳೋದು. ಇದಕ್ಕೆ ಟೆಂಪ್ ಫೋಲ್ಡರ್ ಮೇಲೆ ತಾತ್ಕಾಲಿಕವಾಗಿ ಒಂದು ಟೆಂಪ್‌ಎಫ್‌ಎಸ್ ಮೌಂಟ್ ಮಾಡಿ, ಅದು ರ‍್ಯಾಮ್‌ನಲ್ಲಿ ಕೂರತ್ತೆ, ಹತ್ತು ಎಂಬಿ ಇದ್ರೂ ಸಾಕು, ಗ್ರೋಪಾರ್ಟ್ ಓಡಿಸಿ, ಆಮೇಲೆ ಅನ್‌ಮೌಂಟ್ ಮಾಡಿಬಿಡಿ. ಆದ್ರೆ 80 ಪರ್ಸೆಂಟ್‌ಗೇ ಎಚ್ಚೆತ್ಕೊಂಡ್ರೆ ಈ ಸರ್ಕಸ್ಸೇ ಬೇಡ, ಪ್ಯಾನೆಲ್‌ನಲ್ಲಿ ಅಲರ್ಟ್ ಇಟ್ಕೊಳ್ಳೋಕೆ ಆಗತ್ತೆ, ಇಟ್ಕೊಳ್ಳಿ.

ಎರಡನೇದು ಸ್ವಾಪ್, ಅಂದ್ರೆ ರ‍್ಯಾಮ್ ಸಾಲದಿದ್ದಾಗ ಬಳಸೋ ಡಿಸ್ಕ್ ಜಾಗ. ಹಳೇ ಇನ್‌ಸ್ಟಾಲರ್‌ಗಳು ಮೊದ್ಲು ರೂಟ್ ಪಾರ್ಟಿಷನ್ (ಓಎಸ್ ಇರೋ ಪಾರ್ಟಿಷನ್), ಅದರ ಹಿಂದೆ ಸ್ವಾಪ್ ಅಂತ ಹಾಕ್ತಿದ್ವು. ಹೊಸ ಜಾಗ ಸೇರೋದು ಡಿಸ್ಕ್ ಕೊನೇಲಿ, ಅಂದ್ರೆ ಸ್ವಾಪ್‌ನಿಂದ ಆಚೆ. ರೂಟ್‌ಗೂ ಖಾಲಿ ಜಾಗಕ್ಕೂ ಮಧ್ಯೆ ಸ್ವಾಪ್ ಅಡ್ಡ ಕೂತಿರತ್ತೆ, ಗ್ರೋಪಾರ್ಟ್ "ನೋಚೇಂಜ್" ಅಂತ ಹೇಳಿ ಸುಮ್ಮನಾಗತ್ತೆ. ಆಗ ಸ್ವಾಪ್ ಆಫ್ ಮಾಡಿ, ಆ ಪಾರ್ಟಿಷನ್ ಅಳಿಸಿ, ರೂಟ್ ಹಿಗ್ಗಿಸಿ, ಸ್ವಾಪ್‌ನ ಒಂದು ಫೈಲ್ ಆಗಿ ಮಾಡ್ಕೊಳ್ಳಿ, ರ‍್ಯಾಮ್‌ನಲ್ಲಿ ಸ್ವಾಪ್‌ನಲ್ಲಿರೋದು ವಾಪಸ್ ಹಿಡಿಸೋಷ್ಟು ಜಾಗ ಇದ್ಯಾ ಅಂತ ನೋಡ್ಕೊಂಡೇ ಆಫ್ ಮಾಡಿ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗೋವಾಗ ಏನೇನು ಮೌಂಟ್ ಮಾಡ್ಬೇಕು ಅನ್ನೋ ಫೈಲ್) ಹಳೇ ಸ್ವಾಪ್ ಸಾಲು ತೆಗೆಯೋದು ಮರೀಬೇಡಿ, ಬಿಟ್ರೆ ಮುಂದಿನ ಬೂಟ್‌ನಲ್ಲಿ ಸರ್ವಿಸ್‌ಗಳನ್ನ ಶುರು ಮಾಡೋ ಸಿಸ್ಟಮ್‌ಡಿ, ಇಲ್ಲದಿರೋ ಸ್ವಾಪ್‌ಗೋಸ್ಕರ 90 ಸೆಕೆಂಡ್ ಕಾಯತ್ತೆ. ವಿಂಡೋಸ್‌ನಲ್ಲೂ ಇದೇ ಕತೆ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ರೀಸ್ಕ್ಯಾನ್ ಮಾಡಿ ಸಿ ಡ್ರೈವ್ ಮೇಲೆ ಎಕ್ಸ್‌ಟೆಂಡ್ ವಾಲ್ಯೂಮ್ ಒತ್ತಿದ್ರೆ ಆಗೋಯ್ತು, ಆದ್ರೆ ಸಿ ಪಕ್ಕದಲ್ಲಿ ರಿಕವರಿ ಪಾರ್ಟಿಷನ್ ಕೂತಿದ್ರೆ ಆ ಆಪ್ಷನ್ ಮಸುಕಾಗಿರತ್ತೆ, ಒತ್ತಕ್ಕೆ ಬರಲ್ಲ.

ಎಂಬಿಆರ್ ಅನ್ನೋ ಹಳೇ ಥರದ ಪಾರ್ಟಿಷನ್ ಟೇಬಲ್ ಇರೋ ಡಿಸ್ಕ್‌ನಲ್ಲಿ 2 ಟಿಬಿ ದಾಟಿ ಪಾರ್ಟಿಷನ್ ಬೆಳೆಯಲ್ಲ, ನಮ್ಮ ಲಿಮಿಟ್ ಅಲ್ಲ ಅದು. ಅಷ್ಟು ಬೇಕಾದೋರು ಹೊಸ ಡಿಸ್ಕ್ ದಾರಿ ಹಿಡೀರಿ.

ಹೊಸ ಡಿಸ್ಕ್ ಸೇರಿಸೋದರ ಬಗ್ಗೆ ನಮ್ಮ ಅಭಿಪ್ರಾಯ ಕೇಳಿದ್ರೆ, ಅಪ್‌ಲೋಡ್ ಫೈಲ್‌ಗಳು, ಬ್ಯಾಕಪ್, ದೊಡ್ಡ ಡೇಟಾಬೇಸ್ ಇಂಥದ್ದೇ ಜಾಗ ತಿಂತಿದ್ರೆ ರೂಟ್ ಡಿಸ್ಕ್ ಹಿಗ್ಗಿಸೋದಕ್ಕಿಂತ ಇದೇ ವಾಸಿ, ಡೇಟಾ ತುಂಬಿದ್ರೂ ಓಎಸ್ ಉಸಿರುಗಟ್ಟಲ್ಲ, ನಾಳೆ ಬೇಡ ಅಂದ್ರೆ ಬಿಚ್ಚಿ ತೆಗೀಬಹುದು, ಬಿಲ್ಲೂ ಇಳಿಯತ್ತೆ. ಸೇರಿಸಿದ ಮೇಲೆ ವಿಡಿಬಿ ಅಂತ ಕಾಣತ್ತೆ. ಎಂಕೆಎಫ್‌ಎಸ್ (ಡಿಸ್ಕ್ ಫಾರ್ಮ್ಯಾಟ್ ಮಾಡೋ ಕಮಾಂಡ್) ಓಡಿಸೋ ಮುಂಚೆ ಇನ್ನೊಂದ್ಸಲ ಎಲ್‌ಎಸ್‌ಬಿಎಲ್‌ಕೆ ನೋಡಿ, ಮೌಂಟ್ ಪಾಯಿಂಟ್ ಇಲ್ಲದೆ ಖಾಲಿ ಇರೋದು ಯಾವ್ದು, ಸೈಜ್ ಹೊಂದತ್ತಾ ಅಂತ, ಆ ಒಂದು ಕಮಾಂಡ್ ತಪ್ಪು ಡಿಸ್ಕ್ ಮೇಲೆ ಓಡಿದ್ರೆ ಬ್ಯಾಕಪ್ ಒಂದೇ ಗತಿ. ಎಫ್‌ಎಸ್‌ಟ್ಯಾಬ್‌ನಲ್ಲಿ ವಿಡಿಬಿ ಅಂತ ಹೆಸರು ಬರೀಬೇಡಿ, ಯುಯುಐಡಿ (ಫೈಲ್ ಸಿಸ್ಟಮ್‌ನ ಬದಲಾಗದ ಗುರುತಿನ ನಂಬರ್) ಹಾಕಿ, ಬೂಟ್ ಆದಾಗ ಹೆಸರು ಅದಲು ಬದಲಾಗಬಹುದು. ಜೊತೆಗೆ ನೋಫೇಲ್ ಹಾಕಿದ್ರೆ ಆ ಡಿಸ್ಕ್ ಇಲ್ಲದಿದ್ರೂ ಮಷೀನ್ ಬೂಟ್ ಆಗತ್ತೆ, ಹಾಕ್ದೆ ಇದ್ರೆ ಎಮರ್ಜೆನ್ಸಿ ಮೋಡ್‌ಗೆ ಹೋಗಿ ಕೂರತ್ತೆ, ನೀವು ಕನ್ಸೋಲ್ ತೆಗೀಬೇಕಾಗತ್ತೆ. ಇನ್ನೊಂದು, ಡಿಸ್ಕ್ ಸೇರಿಸೋಕೆ ಯಾವ ಸರ್ವಿಸ್ಸೂ ನಿಲ್ಲಿಸ್ಬೇಕಾಗಿಲ್ಲ ನಿಜ, ಆದ್ರೆ ಡೇಟಾಬೇಸ್ ಫೋಲ್ಡರ್‌ನ ಆ ಡಿಸ್ಕ್‌ಗೆ ಸಾಗಿಸೋವಾಗ ಡೇಟಾಬೇಸ್ ನಿಲ್ಲಿಸಲೇಬೇಕು. ಓಡ್ತಿರೋ ಡೇಟಾಬೇಸ್‌ನ ಫೈಲ್ ಹಾಗೇ ಕಾಪಿ ಹೊಡೆದ್ರೆ ಆ ಕಾಪಿ ನಂಬೋ ಹಾಗಿರಲ್ಲ.

ಚಿಕ್ಕದು ಮಾಡೋಕೆ ಆಗಲ್ಲ ಅಂದ್ವಲ್ಲ, ಅದು ನಮ್ಮ ಹಠ ಅಲ್ಲ. ಎಕ್ಸ್‌ಟಿ4ನ ಕುಗ್ಗಿಸ್ಬೇಕಂದ್ರೆ ಅನ್‌ಮೌಂಟ್ ಮಾಡ್ಬೇಕು, ರೂಟ್‌ನ ಓಡ್ತಿರೋವಾಗ ಅನ್‌ಮೌಂಟ್ ಮಾಡೋಕಾಗಲ್ಲ, ಎಕ್ಸ್‌ಎಫ್‌ಎಸ್ ಅಂತೂ ಬೆಳೆಯೋಕೇ ಹುಟ್ಟಿದ್ದು. ಉಳಿಯೋದು ಒಂದೇ ದಾರಿ, ಹೊಸ ಚಿಕ್ಕ ಡಿಸ್ಕ್ ತಗೊಂಡು ಎಲ್ಲಾ ಕಾಪಿ ಮಾಡೋದು. ಬಿಲ್ ಬೇರೆ ನೀವು ತುಂಬಿರೋ ಜಾಗಕ್ಕಲ್ಲ, ತಗೊಂಡಿರೋ ಜಾಗಕ್ಕೆ, ಅದೂ ಹಿಗ್ಗಿಸಿದ ಗಂಟೆಯಿಂದಲೇ ಶುರು. ಹಾಗಾಗಿ ಇರ್ಲಿ ಮುಂದೆ ಬೇಕಾಗತ್ತೆ ಅಂತ ಒಂದೇ ಏಟಿಗೆ ಐದು ಪಟ್ಟು ಮಾಡ್ಕೋಬೇಡಿ, ಸ್ವಲ್ಪ ಸ್ವಲ್ಪ ಹಿಗ್ಗಿಸಿ, ಈಗ ಅದಕ್ಕೆ ಡೌನ್‌ಟೈಮೂ ಇಲ್ವಲ್ಲ. ಹಿಗ್ಗಿಸೋ ಮುಂಚೆ ನಿಜವಾಗ್ಲೂ ಬೇಕಾ ಅಂತ್ಲೂ ಒಂದ್ಸಲ ನೋಡಿ. ಎಷ್ಟೋ ಸಲ ಜರ್ನಲ್ ಲಾಗ್ ಬೆಳೆದಿರತ್ತೆ, ಹಳೇ ಡಾಕರ್ ಇಮೇಜ್‌ಗಳು ಗುಡ್ಡೆ ಬಿದ್ದಿರ್ತಾವೆ. ದೊಡ್ಡ ಲಾಗ್ ಫೈಲ್ ಅಳಿಸಿದೀನಿ ಆದ್ರೂ ಜಾಗ ಬಂದಿಲ್ಲ ಅಂದ್ರೆ ಯಾವ್ದೋ ಪ್ರೊಸೆಸ್ ಅದನ್ನ ಇನ್ನೂ ಓಪನ್ ಇಟ್ಕೊಂಡಿದೆ, ಆ ಸರ್ವಿಸ್ ರೀಸ್ಟಾರ್ಟ್ ಮಾಡಿದ್ರೆ ಜಾಗ ವಾಪಸ್ ಬರತ್ತೆ. ಡಿಎಫ್ 60 ಪರ್ಸೆಂಟ್ ಅಂತಿದ್ದೂ "ಜಾಗ ಇಲ್ಲ" ಅನ್ನೋ ಎರರ್ ಬರ್ತಿದ್ರೆ ಐನೋಡ್ (ಒಂದೊಂದು ಫೈಲ್‌ಗೂ ಬೇಕಾಗೋ ದಾಖಲೆ) ಖಾಲಿ ಆಗಿರ್ಬೇಕು, ಡಿಎಫ್‌ಗೆ ಐ ಆಪ್ಷನ್ ಕೊಟ್ಟು ನೋಡಿ, ಸೆಷನ್ ಫೈಲ್ ಥರದ ಚಿಲ್ಲರೆ ಫೈಲ್‌ಗಳು ಲಕ್ಷಗಟ್ಟಲೆ ಕೂತಿರ್ತಾವೆ.

ಸ್ನ್ಯಾಪ್‌ಶಾಟ್ (ಡಿಸ್ಕ್ ಆ ಕ್ಷಣ ಹೇಗಿತ್ತು ಅಂತ ಹಿಡಿದಿಟ್ಟಿದ್ದು) ಇರೋ ಮಷೀನ್‌ನಲ್ಲಿ ಹಿಗ್ಗಿಸೋ ಬಟನ್ ಕೆಲಸ ಮಾಡಲ್ಲ, ಬೇಕೂಂತಲೇ ಹಾಗೆ ಇಟ್ಟಿದೀವಿ. ಸ್ನ್ಯಾಪ್‌ಶಾಟ್ ಹಳೇ ಸೈಜ್ ನೆನಪಿಟ್ಕೊಂಡಿರತ್ತೆ, ಅದಕ್ಕೆ ವಾಪಸ್ ಹೋದ್ರೆ ಏನು ಕತೆ ಅನ್ನೋ ಗೊಂದಲವೇ ಬೇಡ ಅಂತ. ಮೊದ್ಲು ಸ್ನ್ಯಾಪ್‌ಶಾಟ್ ಅಳಿಸಿ ಆಮೇಲೆ ಹಿಗ್ಗಿಸಿ, ಬ್ಯಾಕಪ್‌ಗಳು ಬೇರೆ ಸ್ಟೋರೇಜ್‌ನಲ್ಲಿ ಇರೋದ್ರಿಂದ ಅವಕ್ಕೆ ಏನೂ ಆಗಲ್ಲ, ಹಿಗ್ಗಿಸೋ ಮುಂಚೆ ಹೊಸದೊಂದು ಬ್ಯಾಕಪ್ ತಗೊಳ್ಳಿ.

ಕೊನೇದಾಗಿ ಹಳೇ ಮಷೀನ್‌ಗಳ ವಿಷಯ. ಶುರುವಿನಲ್ಲಿ ಸೇರಿದ ಕೆಲವರ ಡಿಸ್ಕ್ ಇನ್ನೂ ಐಡಿಇ ಅನ್ನೋ ಹಳೇ ಥರ ಜೋಡಿಸಿದ್ದು, ಅದಕ್ಕೆ ಓಡ್ತಿರೋವಾಗ ಡಿಸ್ಕ್ ಸೇರಿಸೋದು ತೆಗೆಯೋದು ಆಗಲ್ಲ. ನಿಮ್ದು ಆ ಥರದ್ದಾಗಿದ್ರೆ ಪ್ಯಾನೆಲ್‌ನಲ್ಲಿ ಡಿಸ್ಕ್ ಪಕ್ಕ ಐಡಿಇ ಅಂತ ಬರೆದಿರತ್ತೆ, ಅದನ್ನ ವರ್ಟಿಯೋಗೆ ಬದಲಾಯಿಸೋಕೆ ಒಂದೇ ಒಂದು ಸಲ ಶಟ್‌ಡೌನ್ ಬೇಕು. ಲಿನಕ್ಸ್ ಆದ್ರೆ ಅದಕ್ಕೆ ಮುಂಚೆ ಎಫ್‌ಎಸ್‌ಟ್ಯಾಬ್‌ನಲ್ಲಿ ಎಸ್‌ಡಿಎ1 ಥರದ ಹೆಸರಿದ್ರೆ ಯುಯುಐಡಿ ಮಾಡ್ಕೊಳ್ಳಿ, ಹೆಸರು ವಿಡಿಎ1 ಅಂತ ಬದಲಾಗತ್ತೆ. ವಿಂಡೋಸ್ ಆದ್ರೆ ವರ್ಟಿಯೋ ಡ್ರೈವರ್ ಮೊದ್ಲೇ ಹಾಕಿರ್ಬೇಕು, ಇಲ್ಲ ಅಂದ್ರೆ ಬೂಟ್ ಡಿಸ್ಕ್ ಸಿಗದೆ ನೀಲಿ ಸ್ಕ್ರೀನ್ ಬರತ್ತೆ. ಡ್ರೈವರ್ ಐಎಸ್‌ಒ ಪ್ಯಾನೆಲ್‌ನಲ್ಲಿ ಇಟ್ಟಿದೀವಿ, ಟೈಮ್ ನೀವೇ ಹೇಳಿ, ಆ ಹೊತ್ತಿಗೆ ನಮ್ಮ ಹುಡುಗರು ಆನ್‌ಲೈನ್ ಇರ್ತಾರೆ.

ಎಲ್ಲಾದ್ರೂ ಸಿಕ್ಕಾಕೊಂಡ್ರೆ ಟಿಕೆಟ್ ಹಾಕಿ, ಲಾಗಿನ್ ಆಗಲ್ಲ ಅಂದಿದ್ದಕ್ಕೆ ಸಹಾಯ ಮಾಡಲ್ಲ ಅಂತ ಅರ್ಥ ಅಲ್ಲ. ಎಲ್‌ಎಸ್‌ಬಿಎಲ್‌ಕೆ ಮತ್ತೆ ಡಿಎಫ್ ಔಟ್‌ಪುಟ್ ಎರಡನ್ನೂ ಟೆಕ್ಸ್ಟ್ ಆಗಿ ಪೇಸ್ಟ್ ಮಾಡಿ ಕಳಿಸಿ, ಮೊಬೈಲಲ್ಲಿ ಸ್ಕ್ರೀನ್ ಫೋಟೋ ತೆಗೆದು ಕಳಿಸಬೇಡಿ ಮಾರಾಯ್ರೆ, 8 ಯಾವ್ದು 0 ಯಾವ್ದು ಅಂತ ಗೊತ್ತಾಗಲ್ಲ. ರೂಟ್ ಪಾಸ್‌ವರ್ಡ್ ಅಂತೂ ಬೇಡವೇ ಬೇಡ.

ಇಂತಿ,
ನಿಮ್ಮ ಹೋಸ್ಟಿಂಗ್ ಟೀಮ್