ರಂಗನತಿಟ್ಟಿಗೆ ಹೊರಡುವ ಮುಂಚೆ

ಪ್ರಿಯ ಪೋಷಕರೇ,

ನಮಸ್ಕಾರ. ಫೆಬ್ರವರಿಯಲ್ಲಿ ಆರು ಮತ್ತು ಏಳನೇ ತರಗತಿಯ ಮಕ್ಕಳನ್ನು ರಂಗನತಿಟ್ಟು ಪಕ್ಷಿಧಾಮಕ್ಕೆ ಕರೆದುಕೊಂಡು ಹೋಗುತ್ತಿರುವುದು ನಿಮಗೆ ಗೊತ್ತು. ಪ್ರವಾಸದ ಚೀಟಿ ಮನೆಗೆ ಬಂದ ಮಾರನೇ ದಿನವೇ ಇಬ್ಬರು ಪೋಷಕರು ನನ್ನನ್ನು ಕಂಡರು. ಒಬ್ಬರು, "ಬಸ್ ಮಾಡ್ಕೊಂಡು ಹೋಗಿ ಒಂದೇ ಸುತ್ತು ದೋಣೀನಾ ಮೇಡಂ? ಊಟ ಅಲ್ಲೇ ಇಟ್ಕೊಳ್ಳಿ, ಸಂಜೆ ತನಕ ಆಡ್ಲಿ" ಎಂದರು. ಇನ್ನೊಬ್ಬರು, "ಹಕ್ಕಿ ಮರಿ ಮಾಡೋ ಕಾಲದಲ್ಲಿ ಅಷ್ಟೊಂದು ಮಕ್ಕಳನ್ನ ಅಲ್ಲಿಗೆ ನುಗ್ಗಿಸೋದು ಸರೀನಾ?" ಎಂದು ಕೇಳಿದರು. ಮೊದಲನೆಯವರಿಗೆ ನಕ್ಕು ಉತ್ತರ ಕೊಟ್ಟೆ. ಎರಡನೆಯವರಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಇದೇ ರಂಗನತಿಟ್ಟಿನ ದೋಣಿಯಲ್ಲಿ ಮಕ್ಕಳ ಜೊತೆ ಕೂತಿದ್ದೆ. ಬಣ್ಣದ ಕೊಕ್ಕರೆಗಳು ಮರದ ತುಂಬ ಸುಮ್ನೆ ಕೂತಿದ್ದವು. ಅವು ಹಾರುವುದನ್ನು ಮಕ್ಕಳು ನೋಡಲಿ ಎಂದು ನಾನೇ ಜೋರಾಗಿ ಚಪ್ಪಾಳೆ ತಟ್ಟಿದೆ. ದೋಣಿಯವರು ಹುಟ್ಟು ಹಾಕುವುದನ್ನು ನಿಲ್ಲಿಸಿದರು. "ಮೊಟ್ಟೆ ಮೇಲೆ ಕುಂತವೆ ಮೇಡಂ, ಎಬ್ಬಿಸ್ಬ್ಯಾಡಿ" ಎಂದರು. ಅಷ್ಟೇ. ಮಕ್ಕಳ ಮುಂದೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ತಾಯಿ ಹಕ್ಕಿ ಹೆದರಿ ಎದ್ದರೆ ಗೂಡು ಖಾಲಿ. ಕಾಗೆಗೆ ಅಷ್ಟು ಸಾಕು, ಮೊಟ್ಟೆ ಹೋಯಿತು. ಮರದ ಮೇಲಿನ ಗೂಡಾದರೂ ಪರವಾಗಿಲ್ಲ. ನದಿ ರೀವ ಎಂಬ ಹಕ್ಕಿ ಹೊಳೆ ನಡುವಿನ ಬರೀ ಬಂಡೆಯ ಮೇಲೆ ಮೊಟ್ಟೆ ಇಡುತ್ತದೆ. ಹುಲ್ಲಿಲ್ಲ, ಕಡ್ಡಿಯಿಲ್ಲ. ಬೇಸಿಗೆಯ ಬಿಸಿಲಲ್ಲಿ ಅದನ್ನು ಎಬ್ಬಿಸಿ ಒಂದಷ್ಟು ಹೊತ್ತು ದೂರ ಇಟ್ಟರೆ ಕಾದ ಬಂಡೆಯ ಮೇಲೆ ಮೊಟ್ಟೆ ಕೆಟ್ಟೇ ಹೋಗಬಹುದು. ನಮಗೆ ಒಂದು ಫೋಟೊ, ಅದಕ್ಕೆ ಆ ವರ್ಷದ ಸಂಸಾರ.

ಹಾಗಾದರೆ ಹೋಗಲೇಬಾರದು ಎನ್ನುತ್ತೀರಾ? ನಾನು ಹಾಗೆ ಹೇಳುವುದಿಲ್ಲ. ರಂಗನತಿಟ್ಟು ಜನರ ಕೈ ಸೋಕದ ಕಾಡೇನಲ್ಲ. 17ನೇ ಶತಮಾನದಲ್ಲಿ ಮೈಸೂರಿನ ಅರಸರು ಕಾವೇರಿಗೆ ಕಟ್ಟೆ ಕಟ್ಟಿದ್ದರಿಂದ ಆದ ತಿಟ್ಟುಗಳು, ಅಂದರೆ ಹೊಳೆ ನಡುವಿನ ಪುಟ್ಟ ದ್ವೀಪಗಳು ಅವು. ಹೊಲಕ್ಕೆ ನೀರು ಬೇಕಿತ್ತು, ಕಟ್ಟಿದರು. ಹಕ್ಕಿಗಳು ತಾವಾಗೇ ಬಂದು ಸೇರಿಕೊಂಡವು. ಪಕ್ಷಿತಜ್ಞ ಸಲೀಂ ಅಲಿ ಅವರು ಅದನ್ನು ನೋಡಿ, ಕಾಪಾಡಬೇಕು ಎಂದು ಅರಸರಿಗೆ ಹೇಳಿದರು. 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ನಮ್ಮ ರಾಜ್ಯದಿಂದ ಆ ಪಟ್ಟಿಗೆ ಹೋದ ಮೊದಲ ಜಾಗ ಇದೇ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೇ ನೋಡಿ. ಅಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಊರೊಳಗಿನ ಹುಣಸೆ ಮರ, ಅತ್ತಿ ಮರಗಳ ಮೇಲೇ ಗೂಡು ಕಟ್ಟುತ್ತವೆ. ಕೆಳಗೆ ದನ ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರಿನವರು ಅವನ್ನು ಕಾಣುತ್ತಾರೆ. ಮನೆಯಲ್ಲಿ ಬಾಣಂತಿ ಮಲಗಿದ್ದಾಗ ಯಾರಾದರೂ ಸ್ಪೀಕರ್ ಹಚ್ಚಿ ಕುಣಿಯುತ್ತಾರಾ? ಹಾಗಂತ ನೆಂಟರು ಬರುವುದೇ ಬೇಡ ಎಂದು ಬಾಗಿಲೂ ಹಾಕುವುದಿಲ್ಲ, ಅಲ್ವಾ? ಮೆಲ್ಲಗೆ ಬರುತ್ತಾರೆ, ಮಗು ನೋಡುತ್ತಾರೆ, ಹೊರಡುತ್ತಾರೆ. ಆ ಎರಡನೇ ಪೋಷಕರಿಗೆ ನನ್ನ ಉತ್ತರ ಇಷ್ಟೇ. ಇನ್ನೂ ಒಪ್ಪದಿದ್ದರೆ ಬನ್ನಿ, ಕೂತು ಮಾತಾಡೋಣ.

ಅದಕ್ಕೇ ಈ ಸಲ ಕೆಲವು ಬದಲಾವಣೆ ಮಾಡಿದ್ದೇವೆ. ಎರಡೂ ತರಗತಿ ಒಟ್ಟಿಗೆ ಹೋಗುವುದಿಲ್ಲ. ಆರನೇ ತರಗತಿ ಬುಧವಾರ, ಏಳನೆಯದು ಗುರುವಾರ. ಭಾನುವಾರದ ಜನಜಾತ್ರೆಗೆ ನಾವೂ ಸೇರುವುದು ಬೇಡ. ದೋಣಿ ಒಂದೇ ಸುತ್ತು. ಬೆಳಿಗ್ಗೆ ಹಕ್ಕಿ ನೋಡಿ ನೇರವಾಗಿ ಕೆ.ಆರ್.ಎಸ್.ಗೆ ಹೋಗಿ ಬೃಂದಾವನದಲ್ಲಿ ಊಟ, ಆಟ ಎಲ್ಲ. ಅಲ್ಲಿ ಎಷ್ಟು ಬೇಕಾದರೂ ಕೂಗಲಿ, ಗಂಟಲು ಕಟ್ಟುವ ತನಕ ಕೂಗಲಿ. ಒಂದು ವೇಳೆ ಆ ಹೊತ್ತಿಗೆ ಅಣೆಕಟ್ಟಿನಿಂದ ಜಾಸ್ತಿ ನೀರು ಬಿಟ್ಟು ದೋಣಿ ನಿಲ್ಲಿಸಿದ್ದರೆ ದಡದಿಂದಲೇ ನೋಡುತ್ತೇವೆ. "ದುಡ್ಡು ಕೊಟ್ಟಿದ್ವಲ್ಲ" ಎಂದು ದಯವಿಟ್ಟು ಯಾರೂ ಕೇಳಬೇಡಿ, ದೋಣಿಯ ಹಣ ವಾಪಸ್ ಬರುತ್ತದೆ.

ನಿಮ್ಮಿಂದ ಆಗಬೇಕಾದ್ದು ಇಷ್ಟು. ಮಕ್ಕಳಿಗೆ ಹಸಿರೋ ಮಣ್ಣಿನ ಬಣ್ಣದ್ದೋ ಹಳೇ ಬಟ್ಟೆ ಹಾಕಿ ಕಳಿಸಿ, ಹೊಸದು ಕೊಳ್ಳಬೇಡಿ. ತಿಂಡಿ ಸ್ಟೀಲ್ ಡಬ್ಬಿಯಲ್ಲಿರಲಿ. ಚಿಪ್ಸ್ ಪ್ಯಾಕೆಟ್ ಗಾಳಿಗೆ ಹಾರಿ ಹೊಳೆಗೆ ಬಿದ್ದರೆ ತೆಗೆಯುವವರು ಯಾರು? ಅಲ್ಲಿ ಬಂಡೆಯ ಮೇಲೆ ಮೊಸಳೆಗಳು ಬಿಸಿಲು ಕಾಯಿಸುತ್ತಿರುತ್ತವೆ! ಲೈಫ್ ಜಾಕೆಟ್ ಹಾಕದ ಮಗು ದೋಣಿ ಹತ್ತುವುದಿಲ್ಲ, ಕೈ ನೀರಿಗೆ ಇಳಿಸುವ ಹಾಗೂ ಇಲ್ಲ. ಮೊಬೈಲ್ ಬೇಡ. ಶಾಲೆಯ ನಾಲ್ಕು ಬೈನಾಕ್ಯುಲರ್‌ಗಳಿವೆ. ನಿಮ್ಮ ಮನೆಯಲ್ಲಿ ಇದ್ದರೆ, ಎರಡು ದಿನದ ಮಟ್ಟಿಗೆ ಕೊಟ್ಟರೆ ದೊಡ್ಡ ಉಪಕಾರ. ಜೋಪಾನವಾಗಿ ಹಿಂದಿರುಗಿಸುವ ಹೊಣೆ ನನ್ನದು.

ಪ್ರತಿ ಮಗುವೂ ಒಂದೇ ಒಂದು ಗೂಡನ್ನು ಆರಿಸಿಕೊಂಡು ಅಲ್ಲಿ ಏನೇನು ನಡೆಯಿತು ಎಂದು ಬರೆದುಕೊಂಡು ಬರಬೇಕು. ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಮನೆಗೆ ಬಂದ ಮೇಲೆ ಅದನ್ನು ಓದಿಸಿ ಕೇಳಿ.

ಕೆಳಗಿನ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಈ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಮಗುವಿಗೆ ಬಸ್ಸಿನಲ್ಲಿ ವಾಂತಿಯಾಗುವ ಅಭ್ಯಾಸವಿದ್ದರೆ ಅದನ್ನೂ ಬರೆಯಿರಿ. ಮುಂದಿನ ಸೀಟು ಅಂಥವರಿಗೇ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ