ತಾಲ್ಲೂಕು ಕ್ರೀಡಾಕೂಟಕ್ಕೆ ಹೊರಟಿರುವ ಓಟಗಾರರ ಪೋಷಕರಿಗೆ

ಮಾನ್ಯ ಪೋಷಕರೇ,

ನಮಸ್ಕಾರ. ಹೋಬಳಿ ಮಟ್ಟದಲ್ಲಿ ಗೆದ್ದ ನಮ್ಮ ಮಕ್ಕಳು ಮುಂದಿನ ವಾರ ತಾಲ್ಲೂಕು ಕ್ರೀಡಾಕೂಟಕ್ಕೆ ಹೋಗಲಿದ್ದಾರೆ. ಬಸ್ಸು, ಊಟ, ಸಮವಸ್ತ್ರದ ವಿವರಗಳನ್ನು ದೈಹಿಕ ಶಿಕ್ಷಕರು ಈಗಾಗಲೇ ತಿಳಿಸಿದ್ದಾರೆ. ಓಡುವ ಮಗುವಿನ ಮನಸ್ಸಿನ ಮೇಲೆ ಮನೆಯವರ ಮಾತು ಎಷ್ಟು ಭಾರವಾಗಿ ಕೂರುತ್ತದೆ ಎಂಬುದನ್ನು ಹೇಳಲು ನಾನು ಈ ಪತ್ರ ಬರೆಯುತ್ತಿದ್ದೇನೆ.

ಹೋಬಳಿ ಕೂಟದಲ್ಲಿ ಬಾಲಕರ 400 ಮೀಟರ್ ಓಟ ನಡೆಯುವಾಗ ನಾನು ಕೊನೆಯ ತಿರುವಿನ ಬಳಿ ನಿಂತಿದ್ದೆ. ಬೇರೆ ಶಾಲೆಯ ಹುಡುಗನೊಬ್ಬ ಎರಡನೆಯವನಾಗಿ ಬರುತ್ತಿದ್ದ. ಸುಣ್ಣದ ಗೆರೆಯ ಆಚೆ ಅವನ ತಂದೆ ಅವನ ಜೊತೆಜೊತೆಗೇ ಓಡುತ್ತಾ, ‘ಹಿಂದೆ ಬಿದ್ದೆಯಲ್ಲೋ, ಓಡೋ’ ಎಂದು ಕೂಗುತ್ತಿದ್ದರು. ಹುಡುಗ ಕತ್ತು ತಿರುಗಿಸಿ ತಂದೆಯ ಮುಖ ನೋಡಿದ. ಭುಜಗಳು ಕಿವಿಯವರೆಗೆ ಏರಿದವು, ಹೆಜ್ಜೆ ಗಿಡ್ಡವಾಯಿತು. ಇಬ್ಬರು ಅವನನ್ನು ದಾಟಿ ಹೋದರು. ಓಟ ಮುಗಿದ ಮೇಲೆ ಅವನು ಹುಡುಕಿದ್ದು ನೀರನ್ನಲ್ಲ, ತಂದೆಯನ್ನು. ಅವರು ಅಷ್ಟರಲ್ಲಿ ಬೈಕಿನ ಕಡೆ ನಡೆದಿದ್ದರು.

400 ಮೀಟರ್ ಓಟದ ಕೊನೆಯ 100 ಮೀಟರಿನಲ್ಲಿ ಗೆಲ್ಲುವವನ ವೇಗವೂ ಕುಗ್ಗುತ್ತದೆ. ಯಾರ ವೇಗ ಕಡಿಮೆ ಕುಗ್ಗುತ್ತದೋ ಅವರು ಗೆಲ್ಲುತ್ತಾರೆ. ಅಲ್ಲಿ ಬೇಕಾದದ್ದು ಸಡಿಲವಾದ ದವಡೆ, ಇಳಿಬಿಟ್ಟ ಭುಜ. ಹೆದರಿದ ಮಗುವಿನ ದೇಹ ಬಿಗಿಯಾಗುತ್ತದೆ. ಬಿಗಿದ ದೇಹ ಇನ್ನೂ ಬೇಗ ಸೋಲುತ್ತದೆ. ಆ ಹೊತ್ತಿನಲ್ಲಿ ಗದರುವುದರಿಂದ ಮಗು ಒಂದು ಗೇಣೂ ಮುಂದೆ ಹೋಗುವುದಿಲ್ಲ.

ಓಟಕ್ಕೆ ಮುಂಚೆ ಬಾಯಿ ಒಣಗುವುದು, ಹೊಟ್ಟೆ ತೊಳಸುವುದು, ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುವುದು ಪುಕ್ಕಲುತನವಲ್ಲ. ದೇಹ ಓಟಕ್ಕೆ ಸಜ್ಜಾಗುವ ರೀತಿಯೇ ಹಾಗೆ. ಜಮೈಕಾದ ಉಸೇನ್ ಬೋಲ್ಟ್ ತಮ್ಮ 15ನೆಯ ವಯಸ್ಸಿನಲ್ಲಿ, 2002ರಲ್ಲಿ, ಕಿಂಗ್‌ಸ್ಟನ್‌ನಲ್ಲಿ ನಡೆದ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್‌ನಲ್ಲಿ ಓಡಿದರು. ಸ್ವಂತ ನಾಡಿನ ಜನರೆದುರು ಓಡಬೇಕಾದ ಆತಂಕದಲ್ಲಿ ಎಡಗಾಲಿನ ಬೂಟನ್ನು ಬಲಗಾಲಿಗೆ ಹಾಕಿಕೊಂಡಿದ್ದರಂತೆ! ಆ 200 ಮೀಟರ್ ಓಟವನ್ನು ಅವರು ಗೆದ್ದರು. 2011ರಲ್ಲಿ, ಜಗತ್ತಿನ ಅತಿ ವೇಗದ ಓಟಗಾರ ಎನಿಸಿಕೊಂಡ ಮೇಲೂ, ದಕ್ಷಿಣ ಕೊರಿಯಾದ ಡೇಗುವಿನಲ್ಲಿ 100 ಮೀಟರ್ ಫೈನಲ್‌ನಲ್ಲಿ ಗುಂಡಿನ ಸದ್ದಿಗೆ ಮೊದಲೇ ಹೊರಟು ಅನರ್ಹರಾದರು. ಅದೇ ಕೂಟದಲ್ಲಿ ಕೆಲವೇ ದಿನಗಳ ನಂತರ 200 ಮೀಟರ್ ಗೆದ್ದರು. ನಿಮ್ಮ ಮಗ ಗೆರೆಯ ಮೇಲೆ ತಪ್ಪು ಮಾಡಿ ಹೊರಬಂದರೆ ಅವನಿಗೆ ಈ ಕಥೆ ಹೇಳಿ.

ಇನ್ನೊಂದು ಮಾತನ್ನು ವಿಶೇಷವಾಗಿ ಹೆಣ್ಣುಮಕ್ಕಳ ತಂದೆತಾಯಂದಿರಿಗೆ ಹೇಳಬೇಕು. ಏಳನೆಯ ತರಗತಿಯಲ್ಲಿ ಎಲ್ಲರನ್ನೂ ಹಿಂದಿಕ್ಕುತ್ತಿದ್ದ ಹುಡುಗಿ ಒಂಬತ್ತಕ್ಕೆ ಬರುವ ಹೊತ್ತಿಗೆ ಇದ್ದಲ್ಲೇ ಇರಬಹುದು, ಒಂದೆರಡು ಸೆಕೆಂಡ್ ಹಿಂದೆಯೂ ಬೀಳಬಹುದು. ದೊಡ್ಡವಳಾದ ಮೇಲೆ ಸೊಂಟ ಅಗಲವಾಗುತ್ತದೆ, ತೂಕ ಕೂಡುತ್ತದೆ, ಓಟದ ಲಯ ಬದಲಾಗುತ್ತದೆ. ಹೊಸ ಮೈಗೆ ಒಗ್ಗಿಕೊಳ್ಳಲು ಒಂದೆರಡು ವರ್ಷ ಹಿಡಿಯಬಹುದು. ಅಭ್ಯಾಸಕ್ಕೆ ಒಂದು ದಿನವೂ ತಪ್ಪಿಸದ ಹುಡುಗಿಗೆ ‘ಸೋಮಾರಿಯಾದೆ’ ಎನ್ನುವುದು ಎಂಥ ಅನ್ಯಾಯ! ಅವಳೂ ಅದನ್ನು ನಂಬಿಬಿಡುತ್ತಾಳೆ. ಊಟ ಬಿಡಲು ಶುರುಮಾಡುತ್ತಾಳೆ, ಆಮೇಲೆ ಓಟವನ್ನೇ ಬಿಡುತ್ತಾಳೆ. ದಯವಿಟ್ಟು ಅವಳ ತೂಕದ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತಬೇಡಿ. ಮುಟ್ಟು ತಪ್ಪುತ್ತಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ. ಹೆಚ್ಚು ಓಡಿ ಕಡಿಮೆ ಉಣ್ಣುವ ಹುಡುಗಿಯರಲ್ಲಿ ಹಾಗಾಗುವುದುಂಟು.

ಗಂಡುಮಕ್ಕಳದ್ದು ಬೇರೆ ಕಥೆ. ಒಂದೇ ವಯೋಮಿತಿಯಲ್ಲಿ ಮೀಸೆ ಚಿಗುರಿದವನೂ ಇನ್ನೂ ಹಾಲುಗಲ್ಲದವನೂ ಪಕ್ಕಪಕ್ಕದಲ್ಲಿ ನಿಲ್ಲುತ್ತಾರೆ. ಈ ವರ್ಷ ಸೋತ ಚಿಕ್ಕ ಮೈಯವನು ನಿಧಾನದವನೆಂದು ತೀರ್ಮಾನಿಸಬೇಡಿ.

ಹೊಗಳಿಕೆಯಲ್ಲೂ ಎಚ್ಚರ ಬೇಕು. 1998ರಲ್ಲಿ ಅಮೆರಿಕದ ಕ್ಲಾಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್ ಎಂಬ ಮನೋವಿಜ್ಞಾನಿಗಳು ಐದನೆಯ ತರಗತಿಯ ಮಕ್ಕಳಿಗೆ ಒಗಟಿನಂಥ ಲೆಕ್ಕಗಳನ್ನು ಕೊಟ್ಟು ನೋಡಿದರು. ‘ನೀನು ಬುದ್ಧಿವಂತ’ ಎಂದು ಹೊಗಳಿಸಿಕೊಂಡ ಮಕ್ಕಳು ಕಠಿಣ ಲೆಕ್ಕದಲ್ಲಿ ಸೋತ ಕೂಡಲೇ ಉತ್ಸಾಹ ಕಳೆದುಕೊಂಡರು; ‘ಚೆನ್ನಾಗಿ ಶ್ರಮಪಟ್ಟೆ’ ಎನಿಸಿಕೊಂಡವರು ಪಟ್ಟು ಬಿಡಲಿಲ್ಲ. ಅದು ಮೈದಾನದ ಪ್ರಯೋಗವಲ್ಲ, ನಿಜ. ಆದರೆ ‘ನೀನು ಹುಟ್ಟಾ ಚಿರತೆ’ ಎಂದು ಊರೆಲ್ಲ ಹೊಗಳಿದ ಮಕ್ಕಳು ಮೊದಲ ಸೋಲಿನ ನಂತರ ಕಾಲುನೋವಿನ ನೆಪ ಹೇಳುವುದನ್ನು ನಾನು ಮೈದಾನದಲ್ಲೇ ನೋಡಿದ್ದೇನೆ. ಬೆಳಿಗ್ಗೆ ಐದೂವರೆಗೆ ಎದ್ದದ್ದನ್ನು ಹೊಗಳಿ, ರಿಲೇಯಲ್ಲಿ ಕೋಲು ಬೀಳಿಸಿದ ಗೆಳತಿಯನ್ನು ಸಮಾಧಾನಪಡಿಸಿದ್ದನ್ನು ಹೊಗಳಿ.

ಕೂಟದ ದಿನ ನೀವು ಬನ್ನಿ, ಖಂಡಿತ ಬನ್ನಿ. ಚಪ್ಪಾಳೆ ತಟ್ಟಿ, ಹೆಸರು ಕೂಗಿ. ಹೇಗೆ ಓಡಬೇಕೆಂಬುದನ್ನು ದೈಹಿಕ ಶಿಕ್ಷಕರು ಹೇಳಲಿ. ಮನೆಗೆ ಹೋಗುವ ದಾರಿಯಲ್ಲಿ ‘ಯಾಕೆ ಹೀಗಾಯಿತು’ ಎಂದು ಕೆದಕಬೇಡಿ. ಮಗು ತಾನಾಗಿ ಮಾತು ತೆಗೆದರೆ ಕೇಳಿಸಿಕೊಳ್ಳಿ. ಪಕ್ಕದ ಮನೆಯ ಮಗುವಿನ ಪದಕದ ಪ್ರಸ್ತಾಪ ಅಂದು ಬೇಡವೇ ಬೇಡ. ಅಂಗಡಿಯ ಶಕ್ತಿಪುಡಿ, ಮಾತ್ರೆಗಳನ್ನು ಯಾರು ಹೇಳಿದರೂ ಕೊಡಬೇಡಿ. ಹೊಸ ಬೂಟನ್ನು ಅಂದೇ ಮೊದಲ ಸಲ ಹಾಕಿಸಬೇಡಿ. ಬೆಳಿಗ್ಗೆ ಮಗು ದಿನಾ ತಿನ್ನುವ ಇಡ್ಲಿಯೋ ಉಪ್ಪಿಟ್ಟೋ ಸಾಕು, ಓಟಕ್ಕೆ ಎರಡು ಮೂರು ಗಂಟೆ ಮೊದಲು.

ರಾತ್ರಿ ನಿದ್ದೆ ಬಾರದೆ ಹೊರಳಾಡುವ, ಅಭ್ಯಾಸಕ್ಕೆ ಹೊರಡುವಾಗಲೆಲ್ಲ ಅಳುವ ಮಗು ನಿಮ್ಮ ಮನೆಯಲ್ಲಿದ್ದರೆ ನನಗೆ ತಿಳಿಸಿ. ಶನಿವಾರ ತರಗತಿಗಳು ಮುಗಿದ ಮೇಲೆ ನಾನು ಶಾಲೆಯಲ್ಲೇ ಇರುತ್ತೇನೆ. ಈ ಕೂಟದಿಂದ ಹಿಂದೆ ಸರಿಯುತ್ತೇನೆಂದು ಮಗು ಹೇಳಿದರೆ ಶಾಲೆಯ ಕಡೆಯಿಂದ ಯಾವ ಒತ್ತಾಯವೂ ಇರುವುದಿಲ್ಲ. ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಮಗುವನ್ನು ಒಮ್ಮೆ ಕೇಳಿ, ಗುರುವಾರದೊಳಗೆ ಕಳುಹಿಸಿಕೊಡಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ